ಮೂವತ್ತೊಂದು ಶಿಶುಗಳ ಋಣ

ಲಸಿಕೆಗಳ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಗೆಲವುಗಳಿಂದಲೇ ಆರಂಭಿಸುತ್ತಾರೆ. 1796ರಲ್ಲಿ ಎಡ್ವರ್ಡ್ ಜೆನ್ನರ್ ಹಾಲು ಕರೆಯುವ ಹುಡುಗಿಯ ಕೈಮೇಲಿನ ಗುಳ್ಳೆಯ ರಸವನ್ನು ಎಂಟು ವರ್ಷದ ಬಾಲಕನಿಗೆ ಚುಚ್ಚಿದ್ದು, 1885ರಲ್ಲಿ ಲೂಯಿ ಪಾಸ್ತರ್ ಹುಚ್ಚುನಾಯಿ ಕಡಿದ ಹುಡುಗನನ್ನು ಉಳಿಸಿದ್ದು, 1955ರಲ್ಲಿ ಪೋಲಿಯೋ ಲಸಿಕೆ ಫಲಕಾರಿಯೆಂಬ ಸುದ್ದಿ ಕೇಳಿ ಅಮೆರಿಕದ ಊರುಗಳಲ್ಲಿ ಚರ್ಚಿನ ಗಂಟೆಗಳು ಮೊಳಗಿದ್ದು, ಇವೆಲ್ಲ ನಾವು ಬಲ್ಲ ಕಥೆಗಳು. ಇಂದು ನಾನು ಹೇಳಹೊರಟಿರುವುದು ಅಂಥ ಗೆಲವಿನ ಕಥೆಯಲ್ಲ, ಒಂದು ಸೋಲಿನ ಕಥೆ. ಆ ಸೋಲಿಗೆ ಕಾರಣವೇನೆಂದು ತಿಳಿಯಲು ವಿಜ್ಞಾನಕ್ಕೆ ಸುಮಾರು ಐವತ್ತು ವರ್ಷಗಳು ಬೇಕಾದವು. ಹುಡುಕಾಟ ಕೊನೆಗೆ ಬಂದು ನಿಂತದ್ದು ಆಕಾರದ ಪ್ರಶ್ನೆಯೊಂದರ ಮುಂದೆ. ವೈರಸ್ಸಿನ ಮೈಮೇಲಿರುವ ಪ್ರೋಟೀನು ಯಾವ ಗಳಿಗೆಯಲ್ಲಿ ಯಾವ ರೂಪದಲ್ಲಿರುತ್ತದೆ ಎಂಬುದು ಹೊರನೋಟಕ್ಕೆ ಪಂಡಿತರಿಗೆ ಮಾತ್ರ ಬೇಕಾದ ಪ್ರಶ್ನೆಯಂತೆ ತೋರಬಹುದು. ಆದರೆ ಅದರ ಹಿಂದೆ ಹಸುಗೂಸುಗಳ ಸಾವು ಬದುಕು ಅಡಗಿತ್ತು.

1956ರಲ್ಲಿ ಅಮೆರಿಕದ ವಾಲ್ಟರ್ ರೀಡ್ ಸೈನಿಕ ಸಂಶೋಧನ ಸಂಸ್ಥೆಯಲ್ಲಿ ಸಾಕಿದ್ದ ಚಿಂಪಾಂಜಿಗಳಿಗೆ ನೆಗಡಿ ಬಂದಿತು. ಅವುಗಳ ಮೂಗಿನ ಸ್ರಾವದಲ್ಲಿ ಅದುವರೆಗೆ ಯಾರೂ ಕಾಣದಿದ್ದ ವೈರಸ್ಸೊಂದು ದೊರೆಯಿತು. ಮರುವರ್ಷ ರಾಬರ್ಟ್ ಚಾನಕ್ ಎಂಬ ವಿಜ್ಞಾನಿ ಬಾಲ್ಟಿಮೋರ್ ನಗರದಲ್ಲಿ ಎದೆಯ ಕಾಯಿಲೆಯಿಂದ ನರಳುತ್ತಿದ್ದ ಶಿಶುಗಳಲ್ಲಿ ಅದೇ ವೈರಸ್ಸನ್ನು ಗುರುತಿಸಿದರು. ಚಿಂಪಾಂಜಿಯ ಕಾಯಿಲೆಯೆಂದು ತಿಳಿದದ್ದು ಮನುಷ್ಯನ ಮಕ್ಕಳ ಕಾಯಿಲೆಯಾಗಿತ್ತು. ಈ ವೈರಸ್ ಹೊಕ್ಕ ಜೀವಕೋಶಗಳು ತಮ್ಮ ನಡುವಣ ಗೋಡೆಗಳನ್ನು ಕಳೆದುಕೊಂಡು, ಒಂದರೊಳಗೊಂದು ಬೆರೆತು, ಹಲವು ಕೋಶಕೇಂದ್ರಗಳಿರುವ ಒಂದೇ ಮುದ್ದೆಯಾಗುತ್ತವೆ. ಇಂಥ ಮುದ್ದೆಗೆ ಜೀವಶಾಸ್ತ್ರದಲ್ಲಿ ಸಿನ್ಸೀಷಿಯಮ್ ಎಂದು ಹೆಸರು. ಆದುದರಿಂದ ವೈರಸ್ಸಿಗೆ ರೆಸ್ಪಿರೇಟರಿ ಸಿನ್ಸೀಷಿಯಲ್ ವೈರಸ್ ಎಂದು ಹೆಸರಿಟ್ಟರು. ಉದ್ದವಾದ ಈ ಹೆಸರನ್ನು ವೈದ್ಯರು ಆರ್.ಎಸ್.ವಿ. ಎಂದು ಮೊಟಕು ಮಾಡಿದ್ದಾರೆ. ನಾವೂ ಹಾಗೆಯೇ ಕರೆಯೋಣ. ಕೋಶಗಳನ್ನು ಒಂದಾಗಿ ಬೆಸೆಯುವ ಈ ಗುಣವನ್ನು ಮಾತ್ರ ನೆನಪಿನಲ್ಲಿಟ್ಟುಕೊಳ್ಳಬೇಕು. ಕಥೆಯ ಕೀಲಿರುವುದು ಅಲ್ಲಿಯೇ.

ಆರೋಗ್ಯವಂತರಾದ ದೊಡ್ಡವರಿಗೆ ಇದು ಸಾಮಾನ್ಯವಾಗಿ ಬರಿಯ ನೆಗಡಿ. ಎರಡು ವರ್ಷ ತುಂಬುವುದರೊಳಗೆ ಹೆಚ್ಚುಕಡಮೆ ಪ್ರತಿ ಮಗುವಿಗೂ ಒಮ್ಮೆ ಇದು ತಗಲುತ್ತದೆ. ಬಹುಪಾಲು ಮಕ್ಕಳು ಮೂಗು ಸುರಿಸಿ, ಕೆಮ್ಮಿ, ವಾರದಲ್ಲಿ ಚೇತರಿಸಿಕೊಳ್ಳುತ್ತವೆ. ಆದರೆ ಕೆಲವೇ ತಿಂಗಳ ಕೂಸಿನ ಶ್ವಾಸನಾಳದ ಕವಲುಗಳು ಎಷ್ಟು ಕಿರಿದೆಂದರೆ, ಒಂದಿಷ್ಟು ಊತ, ಒಂದಿಷ್ಟು ಕಫ ಅವನ್ನು ಮುಚ್ಚಿಬಿಡಬಲ್ಲವು. ಮಗು ಮೇಲುಸಿರು ಬಿಡುತ್ತದೆ, ಪಕ್ಕೆ ಎಳೆಯುತ್ತದೆ, ಹಾಲು ಕುಡಿಯಲಾರದು. 2019ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಐದು ವರ್ಷದೊಳಗಿನ ಸುಮಾರು 1 ಲಕ್ಷ ಮಕ್ಕಳು ಈ ವೈರಸ್ಸಿನಿಂದ ಸತ್ತರೆಂದು ತಜ್ಞರ ಅಂದಾಜು. ಆ ಸಾವುಗಳಲ್ಲಿ ನೂರಕ್ಕೆ 97ಕ್ಕೂ ಹೆಚ್ಚು ಬಡ ಮತ್ತು ಮಧ್ಯಮ ಆದಾಯದ ದೇಶಗಳವು.

ಹೀಗಿರುವಾಗ ಚಾನಕ್ ಮತ್ತು ಅವರ ಸಮಕಾಲೀನರು ಲಸಿಕೆಯನ್ನು ಯೋಚಿಸಿದುದು ಸಹಜವೇ ಆಗಿತ್ತು. ದಾರಿಯೂ ಕಣ್ಣೆದುರಿಗೇ ಇತ್ತು. ಜೋನಸ್ ಸಾಕ್ ಪೋಲಿಯೋ ವೈರಸ್ಸನ್ನು ಫಾರ್ಮಲಿನ್ ದ್ರಾವಣದಲ್ಲಿ ಕೊಂದು, ಆ ಸತ್ತ ವೈರಸ್ಸನ್ನೇ ಲಸಿಕೆಯಾಗಿ ಕೊಟ್ಟು ಗೆದ್ದಿದ್ದರು. ಸತ್ತ ಶತ್ರುವನ್ನು ತೋರಿಸಿದರೂ ದೇಹ ಅವನ ಚಹರೆಯನ್ನು ಗುರುತಿಟ್ಟುಕೊಳ್ಳುತ್ತದೆ, ಜೀವಂತ ಶತ್ರು ಬಂದಾಗ ಪ್ರತಿಕಾಯಗಳನ್ನು ಕಳುಹಿಸಿ ತಡೆಯುತ್ತದೆ ಎಂಬುದು ಅದರ ಹಿಂದಿನ ತರ್ಕ. ಆರ್.ಎಸ್.ವಿ.ಯನ್ನೂ ಹಾಗೆಯೇ ಫಾರ್ಮಲಿನ್ನಿನಲ್ಲಿ ಕೊಂದು, ಪಟಿಕದ ಜಾತಿಯ ಲವಣದೊಡನೆ ಬೆರೆಸಿ ಲಸಿಕೆ ಸಿದ್ಧಪಡಿಸಿದರು. 1960ರ ದಶಕದ ನಡುವಿನಲ್ಲಿ ಅಮೆರಿಕದ ಕೆಲವು ಕೇಂದ್ರಗಳಲ್ಲಿ ಅದನ್ನು ಮಕ್ಕಳಿಗೆ ಕೊಟ್ಟು ಪರೀಕ್ಷಿಸಲಾಯಿತು. ಮಕ್ಕಳ ರಕ್ತದಲ್ಲಿ ಪ್ರತಿಕಾಯಗಳು ಕಾಣಿಸಿಕೊಂಡವು. ಎಲ್ಲವೂ ಸರಿಯಾಗಿಯೇ ಇದೆಯೆಂದು ತೋರಿತು.

ಬಳಿಕ ಚಳಿಗಾಲ ಬಂದಿತು. ಅದರೊಡನೆ ವೈರಸ್ಸೂ ಬಂದಿತು. ವಾಷಿಂಗ್ಟನ್ನಿನಲ್ಲಿ ನಡೆದ ಪರೀಕ್ಷೆಯ ವರದಿ 1969ರಲ್ಲಿ ಪ್ರಕಟವಾಯಿತು. ಆ ವರದಿಯ ಅಂಕಿಗಳನ್ನು ಇಂದಿಗೂ ಲಸಿಕಾಶಾಸ್ತ್ರದ ವಿದ್ಯಾರ್ಥಿಗಳು ಬಾಯಿಪಾಠವಾಗಿ ಬಲ್ಲರು. ಲಸಿಕೆ ಪಡೆದ ಎಳೆಯ ಶಿಶುಗಳು 31. ಅವರಲ್ಲಿ 20 ಮಕ್ಕಳಿಗೆ ಸೋಂಕು ತಗಲಿತು. ಆ 20ರಲ್ಲಿ 16 ಮಕ್ಕಳನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಇಬ್ಬರು ಸತ್ತರು, ಒಂದು ಮಗುವಿಗೆ 14 ತಿಂಗಳು, ಇನ್ನೊಂದಕ್ಕೆ 16 ತಿಂಗಳು. ಹೋಲಿಕೆಗಾಗಿ ಬೇರೊಂದು ವೈರಸ್ಸಿನ ಲಸಿಕೆ ಕೊಟ್ಟಿದ್ದ ಮಕ್ಕಳ ಗುಂಪಿನಲ್ಲಿಯೂ 21 ಮಕ್ಕಳಿಗೆ ಆರ್.ಎಸ್.ವಿ. ಸೋಂಕು ತಗಲಿತ್ತು. ಅವರಲ್ಲಿ ಆಸ್ಪತ್ರೆ ಸೇರಿದ್ದು ಒಂದೇ ಮಗು.

ಈ ಅಂಕಿಗಳನ್ನು ಇನ್ನೊಮ್ಮೆ ಮನಸ್ಸಿಗೆ ತಂದುಕೊಳ್ಳಿ. ಲಸಿಕೆ ಕೆಲಸ ಮಾಡಲಿಲ್ಲವೆಂದಷ್ಟೇ ಆಗಿದ್ದರೆ ಅದು ಸಾಮಾನ್ಯವಾದ ಸೋಲು. ಇಲ್ಲಿ ಲಸಿಕೆ ಪಡೆಯದಿದ್ದ ಮಕ್ಕಳೇ ಸುಖವಾಗಿದ್ದರು. ಪಡೆದ ಮಕ್ಕಳಿಗೆ ಕಾಯಿಲೆ ಉಲ್ಬಣಿಸಿತು. ಕಾಯಲೆಂದು ನಿಲ್ಲಿಸಿದ ಪಹರೆಯೇ ಮನೆಗೆ ಬೆಂಕಿಯಿಟ್ಟಂತಾಯಿತು. ಪ್ರತಿಕಾಯಗಳು ಇದ್ದವು, ಆದರೆ ಅವು ವೈರಸ್ಸನ್ನು ತಡೆಯಲಿಲ್ಲ. ತಡೆಯದೆ ಸುಮ್ಮನಿರಲೂ ಇಲ್ಲ. ಅವುಗಳಿಂದ ಶ್ವಾಸಕೋಶದಲ್ಲಿ ಉರಿಯೂತವೇ ಹೆಚ್ಚಿತು. ಅಲ್ಲಿಗೆ ಆರ್.ಎಸ್.ವಿ. ಲಸಿಕೆಯ ದಾರಿ ಮುಚ್ಚಿತು. ಮುಂದಿನ ಹಲವು ದಶಕಗಳ ಕಾಲ ಆ ಇಬ್ಬರು ಮಕ್ಕಳ ನೆನಪು, ಹೊಸ ಲಸಿಕೆಯ ಮಾತೆತ್ತಿದವರ ಕೈಯನ್ನೆಲ್ಲ ಹಿಡಿದು ನಿಲ್ಲಿಸಿತು. ಹಾಗೆ ನಿಲ್ಲಿಸಿದ್ದು ನ್ಯಾಯವೇ. ಕಾರಣ ತಿಳಿಯದೆ ಇನ್ನೊಂದು ಕೂಸಿನ ತೋಳಿಗೆ ಸೂಜಿ ಚುಚ್ಚುವ ಅಧಿಕಾರ ಯಾರಿಗೂ ಇರಲಿಲ್ಲ.

ಕಾರಣದ ಮೊದಲ ಸುಳಿವು ಹೊಳೆದದ್ದು ಬೇರೆ ಎರಡು ಊರುಗಳಲ್ಲಿ, ಬೇರೆಯೇ ಒಂದು ವೈರಸ್ಸಿನ ಅಧ್ಯಯನದಲ್ಲಿ. ಇನ್‌ಫ್ಲುಯೆಂಜಾ ವೈರಸ್ಸಿನ ಮೈಮೇಲೆ ಹೀಮಗ್ಲೂಟಿನಿನ್ ಎಂಬ ಪ್ರೋಟೀನು ಮುಳ್ಳುಗಳಂತೆ ಚಾಚಿಕೊಂಡಿರುತ್ತದೆ. ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ಜಾನ್ ಸ್ಕೀಹೆಲ್, ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಡಾನ್ ವೈಲಿ ಮತ್ತು ಇಯಾನ್ ವಿಲ್ಸನ್ ಈ ಮುಳ್ಳುಗಳನ್ನು ಅನಾನಸಿನಿಂದ ತೆಗೆದ ಕಿಣ್ವವೊಂದರಿಂದ ಕತ್ತರಿಸಿ, ಶುದ್ಧೀಕರಿಸಿ, ಸ್ಫಟಿಕಗಳನ್ನಾಗಿ ಮಾಡಿ, ಅವುಗಳ ಮೂಲಕ ಕ್ಷ-ಕಿರಣಗಳನ್ನು ಹಾಯಿಸಿ, ಅಣುವಿನಲ್ಲಿ ಪರಮಾಣುಗಳು ಎಲ್ಲೆಲ್ಲಿವೆಯೆಂಬ ನಕ್ಷೆಯನ್ನು 1981ರಲ್ಲಿ ಪ್ರಕಟಿಸಿದರು. ವೈರಸ್ಸಿನ ಮುಳ್ಳಿನ ಅಷ್ಟು ಸ್ಪಷ್ಟವಾದ ಚಿತ್ರ ಮನುಷ್ಯನ ಕಣ್ಣಿಗೆ ಬಿದ್ದದ್ದು ಅದೇ ಮೊದಲು. ಆ ಮುಳ್ಳಿನ ಎತ್ತರ ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು.

ಆದರೆ ಚಿತ್ರ ಸ್ಥಿರವಾದುದು, ಮುಳ್ಳಿನ ಕೆಲಸ ಚಲನೆಯದು. ವೈರಸ್ಸಿಗೂ ಜೀವಕೋಶಕ್ಕೂ ಕೊಬ್ಬಿನ ತೆಳುಪೊರೆಯ ಹೊದಿಕೆಯಿದೆ. ವೈರಸ್ ಒಳಹೋಗಬೇಕಾದರೆ ಎರಡು ಪೊರೆಗಳು ಒಂದಾಗಬೇಕು. ನೀರಿನ ಮೇಲಿನ ಎರಡು ಎಣ್ಣೆಯ ಹನಿಗಳಂತೆ ಅವು ತಾವಾಗಿ ಕೂಡಿಕೊಳ್ಳುವುದಿಲ್ಲ. ಯಾರಾದರೂ ಬಲವಂತವಾಗಿ ಹತ್ತಿರಕ್ಕೆಳೆದು ಒತ್ತಿಹಿಡಿಯಬೇಕು. ಆ ಬಲ ಎಲ್ಲಿಂದ ಬರುತ್ತದೆ? 1993ರಲ್ಲಿ ಕಾರ್ ಮತ್ತು ಕಿಮ್ ಎಂಬಿಬ್ಬರು ವಿಜ್ಞಾನಿಗಳು ಈ ಪ್ರೋಟೀನು ಒತ್ತಿಹಿಡಿದ ಸ್ಪ್ರಿಂಗಿನಂತಿದೆ ಎಂದು ವಾದಿಸಿದರು. 1994ರಲ್ಲಿ ಸ್ಕೀಹೆಲ್ ಮತ್ತು ವೈಲಿಯವರ ತಂಡ ಹುಳಿಯ ಸಂಪರ್ಕದಲ್ಲಿ ಅದೇ ಪ್ರೋಟೀನು ತಾಳುವ ಎರಡನೆಯ ರೂಪದ ನಕ್ಷೆಯನ್ನು ಪಡೆದಾಗ ಆ ಮಾತು ದೃಢಪಟ್ಟಿತು. ಮಡಿಸಿಕೊಂಡಿದ್ದ ಭಾಗಗಳು ನೆಟ್ಟಗೆ ಸೆಟೆದು, ಒಳಗೆ ಅಡಗಿದ್ದ ತುದಿ ತನ್ನ ಜಾಗದಿಂದ ಬಹುದೂರ ಚಿಮ್ಮಿತ್ತು.

ನಮ್ಮ ಹಿತ್ತಿಲುಗಳಲ್ಲಿ ಮಳೆಗಾಲಕ್ಕೆ ಹೂ ಬಿಡುವ ಕರ್ಣಕುಂಡಲದ ಗಿಡವನ್ನು ನೀವೆಲ್ಲ ನೋಡಿರಬಹುದು. ಕೆಲವು ಕಡೆ ಅದಕ್ಕೆ ಗೌರಿಹೂ ಎಂದೂ ಹೇಳುತ್ತಾರೆ. ಅದರ ಬಲಿತ ಕಾಯಿಯನ್ನು ಬೆರಳ ತುದಿಯಿಂದ ಮುಟ್ಟಿದರೆ ಸಾಕು, ತಟ್ಟನೆ ಸಿಡಿದು ಬೀಜಗಳನ್ನು ಚೆಲ್ಲಿ, ಸಿಪ್ಪೆ ಸುರುಳಿ ಸುತ್ತಿಕೊಳ್ಳುತ್ತದೆ. ಸಿಡಿಯುವ ಶಕ್ತಿ ಬೆರಳಿನದಲ್ಲ. ಅದು ಕಾಯಿಯೊಳಗೇ ಬಿಗಿದು ನಿಂತಿತ್ತು. ಒಮ್ಮೆ ಸಿಡಿದ ಸಿಪ್ಪೆಯನ್ನು ಮತ್ತೆ ಕಾಯಿಯಾಗಿ ಮಾಡಲು ಯಾರಿಂದಲೂ ಆಗದು. ವೈರಸ್ಸಿನ ಮುಳ್ಳಿನ ಸ್ವಭಾವವೂ ಹೀಗೆಯೇ. ಅದಕ್ಕೆ ಎರಡು ರೂಪಗಳು: ಬಿಗಿದು ಕಾದಿರುವ ಕಾಯಿಯ ರೂಪ, ಸಿಡಿದು ಮುಗಿದ ಸಿಪ್ಪೆಯ ರೂಪ. ಮೊದಲನೆಯದು ಅಸ್ಥಿರ, ಎರಡನೆಯದು ಭದ್ರ. ಮೊದಲನೆಯದರಿಂದ ಎರಡನೆಯದಕ್ಕೆ ಹೋಗುವ ಆ ಕ್ಷಣದ ಬಲದಲ್ಲಿಯೇ ಎರಡು ಪೊರೆಗಳು ಬೆಸೆದುಕೊಂಡು ವೈರಸ್ ಒಳಹೊಗುತ್ತದೆ.

ಇನ್ನು ಆರ್.ಎಸ್.ವಿ.ಗೆ ಹಿಂದಿರುಗೋಣ. ಅದರ ಮೈಮೇಲೆಯೂ ಬೆಸುಗೆಯ ಪ್ರೋಟೀನೊಂದಿದೆ. ವಿಜ್ಞಾನಿಗಳು ಅದನ್ನು ಎಫ್ ಪ್ರೋಟೀನ್ ಎಂದು ಕರೆಯುತ್ತಾರೆ. ಕೋಶಗಳು ಬೆರೆತು ಮುದ್ದೆಯಾಗುವುದು ಇದರಿಂದಲೇ. ಇದು ಇನ್‌ಫ್ಲುಯೆಂಜಾದ ಮುಳ್ಳಿಗಿಂತಲೂ ಮುಂಗೋಪಿ. ಅದಕ್ಕೆ ಹುಳಿಯಾದರೂ ಬೇಕಿತ್ತು. ಇದು ತುಸು ಕಾವಿಗೆ, ಕೆಲವೊಮ್ಮೆ ಸುಮ್ಮನೆ ಇಟ್ಟಲ್ಲಿಯೇ, ಸಿಡಿದುಬಿಡುತ್ತದೆ. ಪ್ರಯೋಗಶಾಲೆಯಲ್ಲಿ ಇದನ್ನು ಬೇರ್ಪಡಿಸಿ ಹಿಡಿದವರ ಕೈಗೆ ಬರುತ್ತಿದ್ದುದು ಯಾವಾಗಲೂ ಸಿಪ್ಪೆಯೇ. 2011ರಲ್ಲಿ ಪ್ರಕಟವಾದ ನಕ್ಷೆಗಳೂ ಸಿಪ್ಪೆಯವೇ. ಕಾಯಿಯನ್ನು ಕಂಡವರು ಯಾರೂ ಇರಲಿಲ್ಲ.

ಆದರೆ ಕಾಯಿಯನ್ನು ಬಲ್ಲ ಸಾಕ್ಷಿಯೊಂದು ಇತ್ತು: ನಮ್ಮ ರಕ್ತ. ಪ್ರತಿಯೊಬ್ಬ ಮನುಷ್ಯನಿಗೂ ಎಳವೆಯಲ್ಲಿ ಈ ಸೋಂಕು ಬಂದುಹೋಗಿರುವುದರಿಂದ ಎಲ್ಲರ ರಕ್ತದಲ್ಲಿಯೂ ಅದರ ಪ್ರತಿಕಾಯಗಳಿವೆ. ಮ್ಯಾಡ್ರಿಡ್ ನಗರದ ಹೋಸೆ ಮೆಲೇರೊ ಮತ್ತು ಸಂಗಡಿಗರು ಒಂದು ಸರಳವಾದ, ಆದರೆ ಬಹು ಜಾಣತನದ ಪ್ರಯೋಗ ಮಾಡಿ 2012ರಲ್ಲಿ ಪ್ರಕಟಿಸಿದರು. ಮನುಷ್ಯನ ಪ್ರತಿಕಾಯಗಳಲ್ಲಿ ಸಿಪ್ಪೆಯ ರೂಪಕ್ಕೆ ಅಂಟಿಕೊಳ್ಳುವವುಗಳನ್ನೆಲ್ಲ ಸೋಸಿ ತೆಗೆದರು. ಉಳಿದುದರಲ್ಲಿ ವೈರಸ್ಸನ್ನು ತಡೆಯುವ ಶಕ್ತಿ ಬಹುಮಟ್ಟಿಗೆ ಹಾಗೆಯೇ ಇತ್ತು. ಅಂದರೆ, ನಿಜವಾಗಿ ಕಾಯುವ ಪ್ರತಿಕಾಯಗಳು ಹಿಡಿಯುತ್ತಿದ್ದುದು ಯಾರೂ ಕಾಣದ ಆ ಇನ್ನೊಂದು ರೂಪವನ್ನು.

ಅದನ್ನು ಕಾಣುವ ಕೆಲಸ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಲಸಿಕಾ ಸಂಶೋಧನ ಕೇಂದ್ರದಲ್ಲಿ ನಡೆಯಿತು. ಬಾರ್ನಿ ಗ್ರಹಾಂ ಎಂಬ ವೈದ್ಯರು 1980ರ ದಶಕದಿಂದಲೂ ಆರ್.ಎಸ್.ವಿ.ಯ ಬೆನ್ನು ಹತ್ತಿದ್ದರು. ಪೀಟರ್ ಕ್ವಾಂಗ್ ಅವರ ಪ್ರಯೋಗಶಾಲೆಗೆ ಬಂದ ಜೇಸನ್ ಮೆಕ್‌ಲೆಲನ್ ಎಂಬ ತರುಣ ಸ್ಫಟಿಕವಿಜ್ಞಾನಿ ಅವರೊಡನೆ ಕೂಡಿದರು. ನೆದರ್‌ಲೆಂಡ್ಸ್ ದೇಶದ ಸಂಶೋಧಕರು ಮನುಷ್ಯನ ರಕ್ತಕೋಶಗಳಿಂದ ಪಡೆದಿದ್ದ ಡಿ-25 ಎಂಬ ಪ್ರತಿಕಾಯವೊಂದಿತ್ತು. ಅದು ವೈರಸ್ಸನ್ನು ಬಹು ಬಲವಾಗಿ ತಡೆಯುತ್ತಿತ್ತು, ಆದರೆ ಸಿಪ್ಪೆಗೆ ಅಂಟಿಕೊಳ್ಳುತ್ತಿರಲಿಲ್ಲ. ಹಾಗಿದ್ದರೆ ಅದು ಅಂಟಿಕೊಳ್ಳುವುದು ಕಾಯಿಗೇ ಇರಬೇಕು; ಅಂಟಿಕೊಂಡಾಗ ಕಾಯಿ ಸಿಡಿಯದಂತೆ ಅದನ್ನು ಹಿಡಿದೂ ಇಡಬಹುದು. ಈ ತರ್ಕದ ಜಾಡಿನಲ್ಲಿ ಹೊರಟವರು ಪ್ರತಿಕಾಯದ ಹಿಡಿತದಲ್ಲಿದ್ದ ಪ್ರೋಟೀನನ್ನು ಸ್ಫಟಿಕವಾಗಿಸಿ, 2013ರಲ್ಲಿ ಅದರ ನಕ್ಷೆಯನ್ನು ಪ್ರಕಟಿಸಿದರು. ಸಿಪ್ಪೆ ಉದ್ದನೆಯ ಶಂಕುವಿನಂತಿದ್ದರೆ, ಕಾಯಿ ಗುಂಡಗೆ, ಮೊಟಕಾಗಿತ್ತು. ಡಿ-25 ಹಿಡಿದಿದ್ದುದು ಅದರ ನೆತ್ತಿಯನ್ನು. ಸಿಡಿದೊಡನೆ ಆ ನೆತ್ತಿಯ ಆಕಾರವೇ ಅಳಿಸಿಹೋಗುತ್ತದೆ. ದೇಹದ ಕಾವಲುಗಾರರು ಗುರುತಿಸಬೇಕಾದ ಮುಖ್ಯ ಲಕ್ಷಣ ಸಿಪ್ಪೆಯಲ್ಲಿ ಇಲ್ಲವೇ ಇಲ್ಲ.

ಮುಖ ಕಂಡಾಯಿತು, ಅದನ್ನು ಹಾಗೆಯೇ ನಿಲ್ಲಿಸುವುದು ಹೇಗೆ? ಲಸಿಕೆಯಾಗಬೇಕಾದರೆ ಕಾಯಿ ಪ್ರತಿಕಾಯದ ಆಸರೆಯಿಲ್ಲದೆ ತಾನೇ ಸಿಡಿಯದೆ ಉಳಿಯಬೇಕು. ವಿಜ್ಞಾನಿಗಳು ಬಡಗಿಯ ಉಪಾಯಗಳನ್ನೇ ಮಾಡಿದರು. ಸಿಡಿಯುವಾಗ ಒಂದರಿಂದೊಂದು ದೂರ ಸರಿಯುವ ಎರಡು ಭಾಗಗಳನ್ನು ಗುರುತಿಸಿ, ಎರಡೂ ಕಡೆ ಗಂಧಕವಿರುವ ಅಮೈನೋ ಆಮ್ಲವನ್ನಿಟ್ಟರು. ಗಂಧಕಕ್ಕೆ ಗಂಧಕ ಸೇರಿ ಅಗುಳಿ ಬಿದ್ದಂತಾಯಿತು. ಪ್ರೋಟೀನಿನ ಒಳಗಿದ್ದ ಟೊಳ್ಳುಗಳಲ್ಲಿ ದಪ್ಪನೆಯ ಅಮೈನೋ ಆಮ್ಲಗಳನ್ನು ಬೆಣೆಯಂತೆ ತುಂಬಿ, ಭಾಗಗಳು ಅಲುಗದಂತೆ ಮಾಡಿದರು. ಹೀಗೆ ಅಗುಳಿ ಮತ್ತು ಬೆಣೆ ಹಾಕಿದ ಪ್ರೋಟೀನನ್ನು ಇಲಿಗಳಿಗೂ ಕೋತಿಗಳಿಗೂ ಕೊಟ್ಟಾಗ ಹುಟ್ಟಿದ ರಕ್ಷಣೆ, ಸಿಪ್ಪೆಯಿಂದ ಹುಟ್ಟುವುದಕ್ಕಿಂತ ಬಹುಪಾಲು ಹೆಚ್ಚಾಗಿತ್ತು. 2019ರಲ್ಲಿ ಪ್ರಕಟವಾದ ಮನುಷ್ಯರ ಮೇಲಿನ ಮೊದಲ ಪರೀಕ್ಷೆಯ ಫಲವೂ ಅದನ್ನೇ ಹೇಳಿತು. ರೂಪವನ್ನು ನೋಡಿ, ರೂಪಕ್ಕೆ ತಕ್ಕಂತೆ ಲಸಿಕೆಯನ್ನು ಕಡೆದು ನಿಲ್ಲಿಸುವ ಹೊಸ ಮಾರ್ಗವೊಂದು ತೆರೆಯಿತು.

ಈಗ 1966ರ ಕಡೆಗೆ ತಿರುಗಿ ನೋಡಬಹುದು. ಹಳೆಯ ರೀತಿಯಲ್ಲಿಯೇ ಫಾರ್ಮಲಿನ್ ಬಳಸಿ ತಯಾರಿಸಿದ ವೈರಸ್ಸನ್ನು ಗ್ರಹಾಂ ಅವರ ಸಂಗಡಿಗರು ಪರಿಶೀಲಿಸಿ, ಅದರ ಮೈಮೇಲೆ ಸಿಡಿಯದ ರೂಪ ಉಳಿದೇ ಇರುವುದಿಲ್ಲವೆಂದು 2016ರಲ್ಲಿ ತೋರಿಸಿದರು. ಆ ಮಕ್ಕಳಿಗೆ ಕೊಟ್ಟದ್ದು ಸಿಪ್ಪೆ. ಅವರ ದೇಹ ಶ್ರದ್ಧೆಯಿಂದ ಪಾಠ ಕಲಿಯಿತು, ಆದರೆ ಕಲಿತದ್ದು ಕಳ್ಳನ ಮುಖವನ್ನಲ್ಲ, ಅವನು ಕಳಚಿ ಎಸೆದ ಅಂಗಿಯನ್ನು. ಇದೊಂದೇ ಕಾರಣವೆಂದು ಹೇಳಿ ಕಥೆಯನ್ನು ಸರಳಗೊಳಿಸುವುದು ಸಲ್ಲದು. ಅರ್ಜೆಂಟೀನದ ಫೆರ್ನಾಂಡೊ ಪೊಲಾಕ್ ಮತ್ತು ಸಂಗಡಿಗರು 2009ರಲ್ಲಿಯೇ ಇನ್ನೊಂದು ಕಾರಣವನ್ನು ಮುಂದಿಟ್ಟಿದ್ದರು. ಸತ್ತ ವೈರಸ್ ದೇಹದ ಆದಿಮ ರಕ್ಷಣಾವ್ಯವಸ್ಥೆಯನ್ನು ಸಾಕಷ್ಟು ಎಚ್ಚರಿಸುವುದಿಲ್ಲ. ಅದರಿಂದಾಗಿ ಪ್ರತಿಕಾಯಗಳು ಪಕ್ವವಾಗದೆ, ಹಿಡಿತ ಸಡಿಲವಾಗಿ ಉಳಿಯುತ್ತವೆ. ಸಡಿಲವಾಗಿ ಹಿಡಿದ ಪ್ರತಿಕಾಯ ವೈರಸ್ಸನ್ನು ತಡೆಯಲಾರದು; ಆದರೆ ವೈರಸ್ಸಿನೊಡನೆ ಸೇರಿ ಶ್ವಾಸಕೋಶದಲ್ಲಿ ಶೇಖರವಾಗಿ ಉರಿಯೂತಕ್ಕೆ ಕಾರಣವಾಗಬಲ್ಲದು. ತಪ್ಪು ರೂಪ, ಅಪಕ್ವ ಪಾಠ, ಎರಡೂ ಕೂಡಿಯೇ ಆ ದುರಂತವಾಯಿತೆಂದು ತಿಳಿಯುವುದು ಸತ್ಯಕ್ಕೆ ಹತ್ತಿರ.

ಆ ಮಕ್ಕಳಿಂದ ಕಲಿತ ಪಾಠ ಎಲ್ಲೆಲ್ಲಿಗೆ ಹೋಯಿತೆಂಬುದು ಕಥೆಯ ಅನಿರೀಕ್ಷಿತವಾದ ಭಾಗ. ಕೊರೋನಾ ವೈರಸ್ಸುಗಳ ಮೈಮೇಲೂ ಸಿಡಿಯುವ ಮುಳ್ಳುಗಳಿವೆ. 2012ರಲ್ಲಿ ಅರಬ್ ದೇಶಗಳಲ್ಲಿ ಮೆರ್ಸ್ ಎಂಬ ಮಾರಕ ಕೊರೋನಾ ಕಾಯಿಲೆ ಗುರುತಿಗೆ ಬಂದಾಗ ಗ್ರಹಾಂ, ಮೆಕ್‌ಲೆಲನ್, ಸ್ಕ್ರಿಪ್ಸ್ ಸಂಸ್ಥೆಯ ಆಂಡ್ರ್ಯೂ ವಾರ್ಡ್ ಇವರ ತಂಡಗಳು ಅದರ ಮುಳ್ಳನ್ನೂ ಸಿಡಿಯದಂತೆ ಕಟ್ಟಿಹಾಕಲು ಹೊರಟವು. ಮೆಕ್‌ಲೆಲನ್ ಅವರ ಪ್ರಯೋಗಶಾಲೆಯ ನಿಯಾನ್‌ಶುವಾಂಗ್ ವಾಂಗ್ ಹಲವು ಬದಲಾವಣೆಗಳನ್ನು ಮಾಡಿ ನೋಡಿ, ಕೊನೆಗೆ ಎರಡೇ ಎರಡು ಅಮೈನೋ ಆಮ್ಲಗಳ ಜಾಗದಲ್ಲಿ ಪ್ರೋಲೀನ್ ಎಂಬ ಅಮೈನೋ ಆಮ್ಲವನ್ನು ಇಟ್ಟರೆ ಸಾಕೆಂದು ಕಂಡುಕೊಂಡರು. ಆ ಕೆಲಸ 2017ರಲ್ಲಿ ಪ್ರಕಟವಾಯಿತು.

ಪ್ರೋಲೀನೇ ಏಕೆ? ಇದಕ್ಕೆ ಉತ್ತರ ನಮ್ಮ ನೆಲಕ್ಕೆ ಹತ್ತಿರವಾದುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದ ಜಿ.ಎನ್. ರಾಮಚಂದ್ರನ್, ಮದರಾಸಿನಲ್ಲಿ ಪ್ರಾಧ್ಯಾಪಕರಾಗಿದ್ದಾಗ, 1963ರಲ್ಲಿ ತಮ್ಮ ಸಹೋದ್ಯೋಗಿಗಳೊಡನೆ ಒಂದು ನಕ್ಷೆಯನ್ನು ಪ್ರಕಟಿಸಿದರು. ಪ್ರೋಟೀನೆಂಬ ಮಣಿಸರದಲ್ಲಿ ಪ್ರತಿಯೊಂದು ಮಣಿಯೂ ಯಾವ ಯಾವ ಕೋನಗಳಲ್ಲಿ ತಿರುಗಬಲ್ಲದು, ಯಾವುವು ಅದಕ್ಕೆ ನಿಷಿದ್ಧ ಎಂಬುದನ್ನು ತೋರಿಸುವ ನಕ್ಷೆ ಅದು. ಇಂದು ಪ್ರೋಟೀನಿನ ರಚನೆಯನ್ನು ಅಭ್ಯಾಸಮಾಡುವ ಯಾವ ದೇಶದ ವಿದ್ಯಾರ್ಥಿಯೂ ರಾಮಚಂದ್ರನ್ ನಕ್ಷೆಯನ್ನು ಕಲಿಯದೆ ಮುಂದೆ ಹೋಗಲಾರ. ಇತರ ಅಮೈನೋ ಆಮ್ಲಗಳು ಎರಡು ಕೀಲುಗಳಲ್ಲಿ ತಿರುಗಬಲ್ಲವು. ಪ್ರೋಲೀನಿನ ರಚನೆಯಲ್ಲಿ ಒಂದು ಉಂಗುರವಿರುವುದರಿಂದ ಅದರ ಒಂದು ಕೀಲು ಬಿಗಿದುಹೋಗಿರುತ್ತದೆ. ನಕ್ಷೆಯಲ್ಲಿ ಅದಕ್ಕೆ ದೊರೆತಿರುವ ಜಾಗ ಬಲು ಕಿರಿದು. ಮುಳ್ಳು ಸಿಡಿಯಬೇಕಾದರೆ ಬಾಗಿರುವ ಮಣಿಸರ ಒಂದೇ ನೀಳ ಸುರುಳಿಯಾಗಿ ನೆಟ್ಟಗಾಗಬೇಕು. ಬಾಗಿನ ಜಾಗದಲ್ಲಿ ಪ್ರೋಲೀನ್ ಕುಳಿತರೆ ಆ ಸುರುಳಿ ಅಲ್ಲಿಯೇ ಮುರಿಯುತ್ತದೆ. ಸೆಟೆದುಕೊಂಡ ಒಂದು ಮಣಿಯ ಹಟಕ್ಕೆ ಇಡೀ ಸರ ನಿಂತುಬಿಡುತ್ತದೆ.

2020ರ ಜನವರಿ 11ರಂದು ಚೀನದಿಂದ ಹೊಸ ಕೊರೋನಾ ವೈರಸ್ಸಿನ ವಂಶಲಿಪಿ ಬಹಿರಂಗವಾಯಿತು. ಅದರ ಮುಳ್ಳು 1,273 ಅಮೈನೋ ಆಮ್ಲಗಳ ಸರ. ಎಲ್ಲಿ ಎರಡು ಪ್ರೋಲೀನುಗಳನ್ನು ಇಡಬೇಕೆಂಬುದು ಮೆರ್ಸ್‌ನ ಅಭ್ಯಾಸದಿಂದ ಮೊದಲೇ ತಿಳಿದಿತ್ತು: 986 ಮತ್ತು 987ನೆಯ ಸ್ಥಾನಗಳಲ್ಲಿ. ಮಾರ್ಚ್ 16ರಂದು, ಅಂದರೆ 65 ದಿನಗಳಲ್ಲಿ, ಸಿಯಾಟಲ್ ನಗರದಲ್ಲಿ ಮಾಡರ್ನಾ ಲಸಿಕೆಯ ಮೊದಲ ಚುಚ್ಚುಮದ್ದನ್ನು ಮನುಷ್ಯರಿಗೆ ಕೊಡಲಾಯಿತು. ಮಾಡರ್ನಾ, ಫೈಜರ್, ಜಾನ್ಸನ್, ನೋವಾವ್ಯಾಕ್ಸ್, ಈ ಎಲ್ಲ ಲಸಿಕೆಗಳಲ್ಲಿಯೂ ಆ ಜೋಡಿ ಪ್ರೋಲೀನುಗಳಿದ್ದವು. ಇಷ್ಟು ಬೇಗ ಮಾಡಿದುದರಲ್ಲಿ ಏನೋ ಮೋಸವಿದೆಯೆಂದು ಆಗ ಸಂಶಯಪಟ್ಟವರು ಬಹಳ ಮಂದಿ. ಆ 65 ದಿನಗಳ ಹಿಂದೆ ಐವತ್ತು ವರ್ಷಗಳು ನಿಂತಿದ್ದವೆಂಬುದನ್ನು ಅವರಿಗೆ ಹೇಳಿದವರು ಕಡಮೆ.

ನಮ್ಮ ನಾಡಿನಲ್ಲಿ ಬಹುಜನರ ತೋಳಿಗೆ ಚುಚ್ಚಿದ್ದು ಕೋವಿಶೀಲ್ಡ್ ಮತ್ತು ಕೋವ್ಯಾಕ್ಸಿನ್. ಕೋವಿಶೀಲ್ಡಿನಲ್ಲಿ ಈ ಪ್ರೋಲೀನಿನ ಬೀಗ ಇರಲಿಲ್ಲ. ಅದು ವೈರಸ್ಸಿನ ಮುಳ್ಳನ್ನು ಇದ್ದ ಹಾಗೆಯೇ ದೇಹಕ್ಕೆ ಪರಿಚಯಿಸಿತು. ಕೋವ್ಯಾಕ್ಸಿನ್ ಹಳೆಯ ಸಂಪ್ರದಾಯದ, ಕೊಂದ ವೈರಸ್ಸಿನ ಲಸಿಕೆ. ಎರಡೂ ಜೀವಗಳನ್ನು ಉಳಿಸಿದವು. ಆದುದರಿಂದ ರೂಪವನ್ನು ಕಟ್ಟಿಹಾಕುವುದೊಂದೇ ದಾರಿಯೆಂದು ಹಟ ಹಿಡಿಯಬೇಕಾಗಿಲ್ಲ. ಆದರೆ ಕೋವ್ಯಾಕ್ಸಿನ್ ತಯಾರಿಸಿದವರೂ ಹಳೆಯ ಪಾಠವನ್ನು ಮರೆತಿರಲಿಲ್ಲ. ಬರಿಯ ಪಟಿಕದ ಜಾತಿಯ ಲವಣದೊಡನೆ ಕೊಡದೆ, ದೇಹದ ಆದಿಮ ರಕ್ಷಣಾವ್ಯವಸ್ಥೆಯನ್ನು ಎಚ್ಚರಿಸುವ ರಾಸಾಯನಿಕವೊಂದನ್ನು ಅದಕ್ಕೆ ಜೋಡಿಸಿದ್ದರು. ಬೆಂಗಳೂರಿನಲ್ಲಿಯೂ ಈ ವಿದ್ಯೆ ಹೊಸದಲ್ಲ. ರಾಮಚಂದ್ರನ್ 1970ರ ದಶಕದ ಮೊದಲಿಗೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಿದ ಅಣುಜೈವಿಕ ಭೌತವಿಜ್ಞಾನ ವಿಭಾಗದಲ್ಲಿ ರಾಘವನ್ ವರದರಾಜನ್ ಮತ್ತು ಸಂಗಡಿಗರು ಇನ್‌ಫ್ಲುಯೆಂಜಾ ಮುಳ್ಳಿನ ಕಾಂಡಭಾಗವೊಂದನ್ನೇ ಬೇರ್ಪಡಿಸಿ, ಅದು ಸಿಡಿಯದ ರೂಪದಲ್ಲಿಯೇ ನಿಲ್ಲುವಂತೆ ಮಾರ್ಪಡಿಸಿ, ಇಲಿಗಳನ್ನು ಸೋಂಕಿನಿಂದ ಕಾಪಾಡಬಹುದೆಂದು 2010ರಲ್ಲಿಯೇ ತೋರಿಸಿದ್ದರು. ಆರ್.ಎಸ್.ವಿ.ಯ ಕಾಯಿಯ ರೂಪ ಜಗತ್ತಿಗೆ ಕಾಣುವುದಕ್ಕೆ ಮೂರು ವರ್ಷ ಮೊದಲಿನ ಮಾತು ಇದು.

ಹಾಗಾದರೆ ಯಾವ ಕಾಯಿಲೆಯಿಂದ ಕಥೆ ಆರಂಭವಾಯಿತೋ ಅದರ ಲಸಿಕೆ ಏನಾಯಿತು? 2023ರ ಮೇ ತಿಂಗಳಿನಲ್ಲಿ ಅಮೆರಿಕದಲ್ಲಿ 60 ವರ್ಷ ದಾಟಿದವರಿಗಾಗಿ ಎರಡು ಆರ್.ಎಸ್.ವಿ. ಲಸಿಕೆಗಳಿಗೆ ಮನ್ನಣೆ ದೊರೆಯಿತು. ಎರಡರಲ್ಲಿಯೂ ಇದ್ದುದು ಸಿಡಿಯದ ರೂಪದ ಎಫ್ ಪ್ರೋಟೀನು. ಅದೇ ಆಗಸ್ಟಿನಲ್ಲಿ ಅವುಗಳಲ್ಲಿ ಒಂದನ್ನು ಗರ್ಭಿಣಿಯರಿಗೆ ಕೊಡಲು ಅನುಮತಿ ಸಿಕ್ಕಿತು. ಇದು ವಿವೇಕದ ದಾರಿ. ತಾಯಿಯ ದೇಹ ಈ ವೈರಸ್ಸನ್ನು ಹಿಂದೆಯೇ ಬಲ್ಲುದು. ಅದಕ್ಕೆ ತಪ್ಪು ಪಾಠ ಕಲಿಸುವ ಭಯವಿಲ್ಲ. ಅವಳಲ್ಲಿ ಹುಟ್ಟಿದ ಪ್ರತಿಕಾಯಗಳು ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ಇಳಿದು ಅದರ ಮೊದಲ ತಿಂಗಳುಗಳನ್ನು ಕಾಯುತ್ತವೆ. ಹುಟ್ಟಿದ ಮೊದಲ 90 ದಿನಗಳಲ್ಲಿ ತೀವ್ರವಾದ ಕಾಯಿಲೆ ನೂರಕ್ಕೆ ಸುಮಾರು 82ರಷ್ಟು ಕಡಮೆಯಾಯಿತೆಂದು ಪರೀಕ್ಷೆ ತೋರಿಸಿತು. ಡಿ-25ರಿಂದಲೇ ರೂಪಿಸಿದ ನಿರ್ಸೆವಿಮ್ಯಾಬ್ ಎಂಬ ಸಿದ್ಧ ಪ್ರತಿಕಾಯವನ್ನು ನವಜಾತ ಶಿಶುಗಳಿಗೆ ನೇರವಾಗಿ ಕೊಡುವ ಉಪಾಯವೂ 2022ರಲ್ಲಿ ಯೂರೋಪಿನಲ್ಲಿ, 2023ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆಯಿತು.

ಇಲ್ಲಿಗೆ ಕಥೆಯನ್ನು ಮುಗಿಸಿದರೆ ಕೇಳಲು ಹಿತವಾಗಿರುತ್ತದೆ. ಆದರೆ ಪೂರ್ತಿ ನಿಜವಾಗುವುದಿಲ್ಲ. 2024ರಲ್ಲಿ, ಸಿಡಿಯದ ರೂಪವನ್ನೇ ದೇಹಕ್ಕೆ ಕಲಿಸುವ ಇನ್ನೊಂದು ಬಗೆಯ ಲಸಿಕೆಯನ್ನು ವೈರಸ್ಸನ್ನೇ ಕಾಣದ ಎಳೆಯ ಶಿಶುಗಳಿಗೆ ನೇರವಾಗಿ ಕೊಟ್ಟು ಪರೀಕ್ಷಿಸುತ್ತಿದ್ದಾಗ, ಲಸಿಕೆ ಪಡೆದವರಲ್ಲಿ ತೀವ್ರ ಕಾಯಿಲೆಯ ಕೆಲವು ಪ್ರಕರಣಗಳು ಕಂಡುಬಂದವು. ಕಂಡೊಡನೆ ಪರೀಕ್ಷೆಯನ್ನು ನಿಲ್ಲಿಸಲಾಯಿತು. ಅದೇ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹಾ ಸಮಿತಿ ಆ ಅಂಕಿಗಳನ್ನು ಬಹಿರಂಗವಾಗಿ ಚರ್ಚಿಸಿತು. ಸರಿಯಾದ ರೂಪವೊಂದೇ ಸಾಲದು; ಮೊದಲ ಬಾರಿಗೆ ಪಾಠ ಕೇಳುವ ಹಸುಳೆಯ ದೇಹಕ್ಕೆ ಅದನ್ನು ಯಾವ ಬಗೆಯಲ್ಲಿ ಹೇಳಬೇಕೆಂಬುದು ಇನ್ನೂ ಕಲಿಯಬೇಕಾಗಿರುವ ವಿದ್ಯೆ.

ಆದರೆ ಎರಡು ಕಾಲಗಳ ನಡುವಣ ಅಂತರವನ್ನು ಗಮನಿಸಿ. 1966ರಲ್ಲಿ ಒಂದು ಚಳಿಗಾಲ ಕಳೆದು, ಹದಿನಾರು ಮಕ್ಕಳು ಆಸ್ಪತ್ರೆ ಸೇರಿ, ಇಬ್ಬರು ಸತ್ತ ಬಳಿಕ ಅಪಾಯ ಅರಿವಿಗೆ ಬಂದಿತು. 2024ರಲ್ಲಿ ಪರೀಕ್ಷೆ ನಡೆಸುತ್ತಿದ್ದವರಿಗೆ ಎಲ್ಲಿ ನೋಡಬೇಕು, ಏನನ್ನು ಕಂಡರೆ ನಿಲ್ಲಬೇಕು ಎಂಬುದು ಮೊದಲೇ ಗೊತ್ತಿತ್ತು. ಹಾಗೆ ಗೊತ್ತುಮಾಡಿಕೊಟ್ಟವರು ವಾಷಿಂಗ್ಟನ್ನಿನ ಆ 31 ಶಿಶುಗಳು. ಜೆನ್ನರ್ ಸೂಜಿ ಚುಚ್ಚಿದ ಬಾಲಕನ ಹೆಸರು ಚರಿತ್ರೆಯಲ್ಲಿ ಉಳಿದಿದೆ, ಪಾಸ್ತರ್ ಉಳಿಸಿದ ಹುಡುಗನದೂ ಉಳಿದಿದೆ. ಈ ಮಕ್ಕಳು ವರದಿಯಲ್ಲಿ ಬರಿಯ ಅಂಕಿಗಳಾಗಿ ನಿಂತಿದ್ದಾರೆ. ಆಗ ಬದುಕುಳಿದವರಿಗೆ ಈಗ 60ರ ಆಸುಪಾಸು, ಆರ್.ಎಸ್.ವಿ. ಲಸಿಕೆಗೆ ಅರ್ಹರಾಗುವ ವಯಸ್ಸು.